ಮಂದೆ ಯಾರದು? ಬೈಬಲ್ ಹೇಳುವ ನಾಯಕತ್ವದ ಮಾತು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕ್ರೈಸ್ತ ಸಭೆಗಳಲ್ಲಿ ಕಮಿಟಿ ಚುನಾವಣೆ ಹತ್ತಿರ ಬಂತೆಂದರೆ ಆರಾಧನೆ ಮುಗಿದ ಮೇಲೂ ಜನ ಬೇಗ ಮನೆಗೆ ಹೊರಡುವುದಿಲ್ಲ. ಚರ್ಚಿನ ಅಂಗಳದ ಸಿಲ್ವರ್ ಓಕ್ ಮರಗಳ ಕೆಳಗೆ ಗುಂಪುಗುಂಪಾಗಿ ನಿಲ್ಲುತ್ತಾರೆ. ಈ ಸಲ ಯಾರು ನಿಲ್ಲುತ್ತಾರೆ, ಯಾರು ಬಿಟ್ಟುಕೊಡುತ್ತಾರೆ, ಕಟ್ಟಡ ನಿಧಿಯ ಲೆಕ್ಕ ಎಲ್ಲಿಗೆ ಬಂತು ಎಂಬ ಮಾತುಗಳು ನಡೆಯುತ್ತವೆ. ಅಂಥ ಒಂದು ಭಾನುವಾರ, ಮತದಾರರ ಪಟ್ಟಿಯಲ್ಲಿ ಮೊದಲ ಸಲ ಹೆಸರು ಬಂದ ಹುಡುಗಿಯೊಬ್ಬಳು ನನ್ನನ್ನು ತಡೆದು ಕೇಳಿದಳು: “ಅಂಕಲ್, ಎಲ್ಲರೂ ನಾಯಕತ್ವ ನಾಯಕತ್ವ ಎನ್ನುತ್ತಾರೆ. ಸತ್ಯವೇದದಲ್ಲಿ ಅದರ ಬಗ್ಗೆ ನಿಜವಾಗಿ ಏನಿದೆ?”

ಆ ದಿನ ಎರಡು ಮಾತಿನಲ್ಲಿ ಉತ್ತರಿಸಿ ಬಸ್ಸಿಗೆ ಓಡಿದೆ. ಅವಳ ಪ್ರಶ್ನೆಗೆ ಅಷ್ಟು ಸಾಲದು. ಮತ ಹಾಕುವವರಿಗೆ, ಕಮಿಟಿಗೆ ನಿಲ್ಲುವವರಿಗೆ, ಪಕ್ಕದ ಮನೆಯ ಕ್ರೈಸ್ತರು ಭಾನುವಾರ ಯಾವುದರ ಬಗ್ಗೆ ಇಷ್ಟು ಚರ್ಚಿಸುತ್ತಾರೆ ಎಂದು ತಿಳಿಯಬಯಸುವ ಇತರರಿಗೂ ಇದು ಉಪಯೋಗವಾಗಲಿ ಎಂದು ಬುಡದಿಂದಲೇ ಹೇಳುತ್ತೇನೆ.

ಮೊದಲು ಪದಗಳ ಅರ್ಥ

ಬೈಬಲ್, ಎಂದರೆ ಸತ್ಯವೇದ, ಒಂದೇ ಪುಸ್ತಕದಂತೆ ಕಂಡರೂ ಅದೊಂದು ಪುಸ್ತಕಗಳ ಕಪಾಟು. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕಗಳಿವೆ, ಕಥೋಲಿಕರದರಲ್ಲಿ 73. ಹಳೆಯ ಒಡಂಬಡಿಕೆ ಮುಖ್ಯವಾಗಿ ಇಸ್ರಾಯೇಲ್ ಜನರ ಕಥೆ. ಹೊಸ ಒಡಂಬಡಿಕೆ ಯೇಸುವಿನದು ಮತ್ತು ಆತನ ನಂತರ ಹುಟ್ಟಿದ ಮೊದಲ ಸಭೆಗಳದು. ಇವುಗಳಲ್ಲಿ ಎಲ್ಲಿಯೂ ‘ನಾಯಕತ್ವ’ ಎಂಬ ತಲೆಬರಹದ ಅಧ್ಯಾಯವಿಲ್ಲ. ಮನುಷ್ಯರ ಕಥೆಗಳಿವೆ, ಅವುಗಳಲ್ಲಿ ಸೋತವರ ಕಥೆಗಳೇ ಹೆಚ್ಚು. ಅರಸರ ತಪ್ಪನ್ನು ಮುಚ್ಚಿಡದೆ ಬರೆದಿಟ್ಟ ಗ್ರಂಥ ಎಂಬುದನ್ನು ನೆನಪಿಟ್ಟುಕೊಂಡು ಓದಿದರೆ ಅರ್ಧ ಪಾಠ ಆದಂತೆಯೇ.

ನಾವು ದಿನವೂ ಬಳಸುವ ಹುದ್ದೆಗಳ ಹೆಸರುಗಳನ್ನು ನೋಡಿ. ‘ಪಾಸ್ಟರ್’ ಲ್ಯಾಟಿನ್ ಪದ. ಅರ್ಥ, ಕುರಿ ಕಾಯುವವನು. ‘ಬಿಷಪ್’ ಎಂಬುದರ ಮೂಲ ಗ್ರೀಕಿನ ‘ಎಪಿಸ್ಕೊಪೊಸ್’, ಎಂದರೆ ಮೇಲ್ವಿಚಾರಣೆ ನೋಡುವವನು. ‘ಪ್ರೆಸ್ಬಿಟರ್’ ಎಂದರೆ ಹಿರಿಯ. ‘ಡೀಕನ್’ ಎಂಬುದು ‘ದಿಯಾಕೊನೊಸ್’ನಿಂದ ಬಂದದ್ದು, ಸೇವಕ ಎಂದರ್ಥ, ಊಟ ಬಡಿಸುವವನಿಗೂ ಆ ಮಾತೇ. ಒಡೆಯ ಎಂಬ ಅರ್ಥ ಇವುಗಳಲ್ಲಿ ಒಂದಕ್ಕೂ ಇಲ್ಲ.

‘ಸಭೆ’ ಎಂಬುದಕ್ಕೆ ಗ್ರೀಕಿನಲ್ಲಿ ‘ಎಕ್ಲೇಸಿಯ’, ಕರೆಯಲ್ಪಟ್ಟು ಕೂಡಿದ ಜನ. ಕಟ್ಟಡದ ಹೆಸರಲ್ಲ ಅದು. ಹಾಸನದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಬಂದ ಮೇಲೆ ಮಳೆಗಾಲದಲ್ಲಿ ಅದು ನೀರಿನೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಪ್ರವಾಸಿಗರು ಫೋಟೊ ತೆಗೆಯುವುದು ಉಳಿದ ಗೋಡೆ ಕಮಾನುಗಳನ್ನು. ಅಲ್ಲಿ ಮೊಣಕಾಲೂರಿದ್ದ ಜನ ಬೇರೆ ಊರುಗಳಿಗೆ ಹೋದರು, ಪ್ರಾರ್ಥನೆಯನ್ನೂ ಜೊತೆಗೆ ಕೊಂಡೊಯ್ದರು. ಹಾಗೆ ಹೋದ ಜನವೇ ಸಭೆ.

ನಮ್ಮ ಜಿಲ್ಲೆಗಳಲ್ಲಿ ಈ ಜನರನ್ನು ನಡೆಸುವ ರೀತಿ ಒಂದೇ ಬಗೆಯದಲ್ಲ. ಕಥೋಲಿಕರಿಗೆ 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರವಿದೆ. ಅದರ ಧರ್ಮಾಧ್ಯಕ್ಷರನ್ನು, ಎಂದರೆ ಬಿಷಪ್ಪರನ್ನು, ಪೋಪ್ ನೇಮಿಸುತ್ತಾರೆ, ಧರ್ಮಕೇಂದ್ರಗಳಿಗೆ ಗುರುಗಳನ್ನು ಧರ್ಮಾಧ್ಯಕ್ಷರು ಕಳುಹಿಸುತ್ತಾರೆ, ಭಕ್ತರ ಪರಿಷತ್ತು ಸಲಹೆ ಕೊಡುತ್ತದೆ. ಸಿಎಸ್‌ಐ, ಎಂದರೆ ದಕ್ಷಿಣ ಭಾರತ ಸಭೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪಂಗಡಗಳು ಕೂಡಿ ಆದದ್ದು. ಆಂಗ್ಲಿಕನರು ಬಿಷಪ್ ಪದವಿಯನ್ನು ತಂದರು, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಜನರೂ ಕೂಡಿ ಆಡಳಿತ ನಡೆಸುವ ರೂಢಿಯನ್ನು ತಂದವು. ಅಲ್ಲಿ ಬಿಷಪ್ಪರೂ ಇದ್ದಾರೆ, ಆಯ್ಕೆಯಾದ ಕಮಿಟಿಯೂ ಇದೆ ಎಂಬುದರ ಗುಟ್ಟು ಇದು. ಸ್ವತಂತ್ರ ಸಭೆಗಳಲ್ಲಿ ಬಹುಮಟ್ಟಿಗೆ ಸಭೆ ಹುಟ್ಟುಹಾಕಿದ ಪಾಸ್ಟರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ವ್ಯವಸ್ಥೆ ಯಾವುದೇ ಇರಲಿ, ಮುಂದಿನ ಕಥೆಗಳು ಎಲ್ಲರ ಬೈಬಲ್‌ನಲ್ಲೂ ಇವೆ.

ಕಡೂರು ಹಾದಿಯ ಕುರಿಮಂದೆ

ಕಾಫಿ ತೋಟಗಳ ನಡುವೆ ಬೆಳೆದವರಿಗೆ “ಯೆಹೋವನು ನನಗೆ ಕುರುಬನು” ಎಂಬ 23ನೇ ಕೀರ್ತನೆ ಬಾಯಿಪಾಠವಾಗಿರುತ್ತದೆ, ಆದರೆ ಕುರಿಮಂದೆಯನ್ನು ಹತ್ತಿರದಿಂದ ನೋಡಿರುವುದಿಲ್ಲ. ಅದಕ್ಕೆ ಘಟ್ಟದ ಮಳೆ ಬಿಟ್ಟು ಬಯಲುಸೀಮೆಗೆ ಇಳಿಯಬೇಕು. ಒಮ್ಮೆ ಅರಸೀಕೆರೆಯಿಂದ ಕಡೂರಿಗೆ ಹೋಗುವಾಗ ನಮ್ಮ ಬಸ್ಸು ಕೆಟ್ಟು ನಿಂತಿತು. ಪಕ್ಕದಲ್ಲಿ ರಾಗಿ ಕೊಯ್ದ ಹೊಲ, ಅದರಲ್ಲಿ ಕುರಿಮಂದೆ. ರಾತ್ರಿ ಹೊಲದಲ್ಲಿ ಕುರಿ ತಂಗಿಸಿದರೆ ಮಣ್ಣಿಗೆ ಗೊಬ್ಬರವಾಗುತ್ತದೆಂದು ರೈತರೇ ಅವರನ್ನು ಕರೆದು ಉಳಿಸಿಕೊಳ್ಳುತ್ತಾರೆ. ಕುರಿಗಾಹಿಯ ಹೆಗಲ ಕಂಬಳಿಯ ಮಡಿಕೆಯಲ್ಲಿ ಆ ಬೆಳಿಗ್ಗೆ ಹುಟ್ಟಿದ ಮರಿ ಇತ್ತು, ಹೊಕ್ಕುಳಬಳ್ಳಿ ಇನ್ನೂ ಒಣಗಿರಲಿಲ್ಲ.

ಎಷ್ಟು ಕುರಿಗಳಿವೆ ಎಂದು ಕೇಳಿದೆ. ಇನ್ನೂರರ ಮೇಲಿವೆ, ನಮ್ಮವು ನಲವತ್ತು ಮಾತ್ರ, ಉಳಿದವು ಊರಿನ ನಾಲ್ಕು ಮನೆಯವರದು ಎಂದರು. ಯಾರದು ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದದ್ದಕ್ಕೆ ಒಂದು ಕುರಿಯನ್ನು ಎಳೆದು ಅದರ ಕಿವಿ ಮಡಚಿ ತೋರಿಸಿದರು. ಅಂಚಿನಲ್ಲಿ ಸಣ್ಣ ಕತ್ತರಿ ಗುರುತು. ಒಂದೊಂದು ಮನೆಗೆ ಒಂದೊಂದು ಗುರುತು. ಸತ್ತರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಕಿವಿ ಕೊಯ್ದು ಇಟ್ಟುಕೊಂಡು ಹೋಗಿ ತೋರಿಸಬೇಕು” ಎಂದರು.

ಮನೆಗೆ ಬಂದು ಬೈಬಲ್‌ನಲ್ಲಿ ಪ್ರವಾದಿ ಆಮೋಸನ ಪುಸ್ತಕ ತೆಗೆದೆ. 3ನೇ ಅಧ್ಯಾಯದ 12ನೇ ವಚನದಲ್ಲಿ, ಸಿಂಹದ ಬಾಯಿಂದ ಕುರುಬನು ಎರಡು ಕಾಲನ್ನೋ ಕಿವಿಯ ತುಂಡನ್ನೋ ಕಿತ್ತುಕೊಳ್ಳುವ ಹಾಗೆ ಎಂಬ ಮಾತಿದೆ. ಎಷ್ಟೋ ಸಲ ಓದಿದ್ದೆ, ಕಿವಿಯ ತುಂಡಿನಿಂದ ಏನು ಪ್ರಯೋಜನವೆಂದು ಹೊಳೆದಿರಲಿಲ್ಲ. ಮೃಗ ಸೀಳಿದ ಪ್ರಾಣಿಯ ಉಳಿದ ಭಾಗವನ್ನು ಸಾಕ್ಷಿಯಾಗಿ ತರಬೇಕೆಂದು ವಿಮೋಚನಕಾಂಡದ 22ನೇ ಅಧ್ಯಾಯವೂ ಹೇಳುತ್ತದೆ. ಕುರಿ ಕಾಯುವವನು ಲೆಕ್ಕ ಒಪ್ಪಿಸುವವನು, ಮಂದೆಯ ಒಡೆಯ ಬೇರೆ ಇದ್ದಾನೆ. ಬೈಬಲ್‌ನ ನಾಯಕತ್ವವನ್ನೆಲ್ಲ ಈ ಕಿವಿಯ ತುಂಡಿನಿಂದ ಅರ್ಥಮಾಡಿಕೊಳ್ಳಬಹುದು ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಯೆಹೆಜ್ಕೇಲನ 34ನೇ ಅಧ್ಯಾಯವನ್ನು ಈ ಕಣ್ಣಿನಿಂದ ಓದಬೇಕು. ಬಾಬೆಲಿಗೆ ಸೆರೆಹೋದ ಜನರ ನಡುವೆ ನಿಂತು ಪ್ರವಾದಿ ಇಸ್ರಾಯೇಲಿನ ನಾಯಕರನ್ನು ಕುರುಬರೆಂದು ಕರೆಯುತ್ತಾನೆ, ಆರೋಪಪಟ್ಟಿಯನ್ನೇ ಓದುತ್ತಾನೆ. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಕೊಬ್ಬಿದ ಕುರಿ ಕೊಯ್ದಿರಿ. ಬಲಹೀನವಾದದ್ದನ್ನು ಬಲಪಡಿಸಲಿಲ್ಲ, ರೋಗದ್ದನ್ನು ಗುಣಪಡಿಸಲಿಲ್ಲ, ಗಾಯಕ್ಕೆ ಕಟ್ಟು ಕಟ್ಟಲಿಲ್ಲ, ತಪ್ಪಿಹೋದದ್ದನ್ನು ಹುಡುಕಲಿಲ್ಲ. ಬೇಲಿಯೇ ಎದ್ದು ಹೊಲ ಮೇದ ಹಾಗೆ. ಅಧ್ಯಾಯದುದ್ದಕ್ಕೂ ದೇವರು ‘ನನ್ನ ಕುರಿಗಳು’ ಎನ್ನುತ್ತಲೇ ಇರುತ್ತಾನೆ. ಅಳತೆಗೋಲನ್ನೂ ಗಮನಿಸಿ. ಮಂದೆ ಎಷ್ಟು ದೊಡ್ಡದಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಕುಂಟುವ ಕುರಿ ಏನಾಯಿತೆಂದು ಕೇಳುತ್ತಾರೆ.

ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಒಳ್ಳೆಯ ಕುರುಬ ಎಂದು ಕರೆದುಕೊಳ್ಳುವಾಗ ಈ ಹಳೆಯ ಆರೋಪಪಟ್ಟಿ ಕೇಳುಗರ ಕಿವಿಯಲ್ಲಿತ್ತು. ಆತನ ಕುರುಬ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಮುಂದೆ ನಡೆಯುತ್ತಾನೆ, ತೋಳ ಬಂದಾಗ ಓಡುವುದಿಲ್ಲ. ಸತ್ತು ಮತ್ತೆ ಎದ್ದ ಬಳಿಕ ತನ್ನ ಶಿಷ್ಯ ಪೇತ್ರನಿಗೆ ಮೂರು ಸಲ ಕೊಟ್ಟ ಅಪ್ಪಣೆಯೂ ‘ನನ್ನ’ ಕುರಿಗಳನ್ನು ಮೇಯಿಸು ಎಂಬುದೇ. ಪೇತ್ರ ಅದನ್ನು ಮರೆಯಲಿಲ್ಲ. ತನ್ನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಹಿರಿಯರಿಗೆ ಬರೆಯುವಾಗ, ನೀಚ ಲಾಭದ ಆಸೆಯಿಂದ ಬೇಡ, ದೊರೆತನ ಮಾಡಬೇಡಿ, ಮಂದೆಗೆ ಮಾದರಿಯಾಗಿರಿ ಎಂದು ಹೇಳಿ, ಮುಖ್ಯ ಕುರುಬ ಬರುತ್ತಾನೆ ಎಂದು ನೆನಪಿಸುತ್ತಾನೆ.

ಮಾವ ಹೇಳಿದ ಬುದ್ಧಿ

ಮೋಶೆ ಐಗುಪ್ತದಿಂದ ಜನರನ್ನು ಬಿಡಿಸಿ ತಂದವನು. ಅಂಥವನನ್ನು ನೋಡಲು ಅವನ ಮಾವ ಇತ್ರೋ ಬಂದ. ಬೆಳಗಿನಿಂದ ಸಂಜೆಯವರೆಗೆ ಮೋಶೆ ಒಬ್ಬನೇ ಕುಳಿತು ಎಲ್ಲರ ವ್ಯಾಜ್ಯ ತೀರಿಸುತ್ತಿದ್ದ, ಜನ ಸಾಲುಗಟ್ಟಿ ನಿಂತಿದ್ದರು. ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀಯೆ, ಈ ಜನರೂ ಬಳಲುತ್ತಾರೆ ಎಂದು ಇತ್ರೋ ನೇರವಾಗಿ ಹೇಳಿದ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬನನ್ನು ನೇಮಿಸು, ದೊಡ್ಡ ವಿಷಯ ಮಾತ್ರ ನಿನ್ನ ಬಳಿಗೆ ಬರಲಿ ಎಂದ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಇದಿದೆ.

ತೋಟದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಮಾಲೀಕರ ಕೆಳಗೆ ರೈಟರು, ರೈಟರ ಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕಣ್ಣಳತೆಯಲ್ಲಿ ಹಣ್ಣು ಬಿಡಿಸುವವರ ಸಾಲು. ಆದರೆ ಇತ್ರೋ ಹೇಳಿದ ಅರ್ಹತೆಗಳನ್ನು ನಿಧಾನವಾಗಿ ಓದಿ. ಸಮರ್ಥರಾಗಿರಬೇಕು, ದೇವರಿಗೆ ಭಯಪಡುವವರಾಗಿರಬೇಕು, ನಂಬಿಗಸ್ತರಾಗಿರಬೇಕು, ಲಂಚ ಮುಟ್ಟದವರಾಗಿರಬೇಕು. ವಂಶವಾಗಲಿ ಆಸ್ತಿಯಾಗಲಿ ಮಾತಿನ ಚಾತುರ್ಯವಾಗಲಿ ಪಟ್ಟಿಯಲ್ಲಿಲ್ಲ.

ನನಗೆ ಈ ಕಥೆಯಲ್ಲಿ ಹೆಚ್ಚು ಮೆಚ್ಚಿಗೆಯಾಗುವುದು ಬೇರೆ ಸಂಗತಿ. ಇತ್ರೋ ಇಸ್ರಾಯೇಲ್ಯನೇ ಅಲ್ಲ, ಮಿದ್ಯಾನ್ ದೇಶದ ಯಾಜಕ. ದೇವರೊಡನೆ ಮಾತಾಡುವ ಮೋಶೆ ಹೊರಗಿನಿಂದ ಬಂದ ಮಾವನ ಮಾತನ್ನು ಕೇಳಿ ಅದರಂತೆಯೇ ಮಾಡಿದ. ಕೊನೆಗೆ ತನ್ನ ಜಾಗಕ್ಕೆ ಮೋಶೆ ತನ್ನ ಮಕ್ಕಳನ್ನು ತರಲಿಲ್ಲ, ನೂನನ ಮಗ ಯೆಹೋಶುವನ ಮೇಲೆ ಎಲ್ಲರ ಎದುರು ಕೈಯಿಟ್ಟ. ಏಲಿ ಎಂಬ ಯಾಜಕನ ಮನೆಯಲ್ಲಿ ಇದಕ್ಕೆ ತಿರುಗುಮುರುಗಾಯಿತು. ಜನ ದೇವರಿಗೆಂದು ತಂದ ಮಾಂಸವನ್ನು ಅವನ ಮಕ್ಕಳು ಬಲಾತ್ಕಾರದಿಂದ ಕಿತ್ತುಕೊಳ್ಳುತ್ತಿದ್ದರು. ಮಹಾ ಪ್ರಾಮಾಣಿಕನಾದ ಪ್ರವಾದಿ ಸಮುವೇಲನ ಮಕ್ಕಳೂ ಲಂಚಕ್ಕೆ ಕೈಚಾಚಿದರೆಂದು ಬೈಬಲ್ ಬರೆದಿಟ್ಟಿದೆ. ತಂದೆಯ ಭಕ್ತಿ ಮಗನಿಗೆ ಖಾತೆ ಬದಲಾವಣೆಯಾಗಿ ಬರುವುದಿಲ್ಲ.

ನೆರಳು ಕೊಡುತ್ತೇನೆಂದ ಮುಳ್ಳುಕಂಟಿ

ಬೈಬಲ್‌ನ ಅತ್ಯಂತ ಹರಿತವಾದ ರಾಜಕೀಯ ಕಥೆ ನ್ಯಾಯಸ್ಥಾಪಕರು 9ನೇ ಅಧ್ಯಾಯದಲ್ಲಿದೆ. ಇಸ್ರಾಯೇಲಿನ ಮುಖಂಡ ಗಿದ್ಯೋನನ ಮಗ ಅಬೀಮೆಲೆಕ ತನ್ನ ಎಪ್ಪತ್ತು ಮಂದಿ ಸಹೋದರರನ್ನು ಕೊಲ್ಲಿಸಿ ಅರಸನಾಗುತ್ತಾನೆ. ತಪ್ಪಿಸಿಕೊಂಡು ಉಳಿದ ಕಿರಿಯವನು ಯೋತಾಮ. ಅವನು ಗೆರಿಜೀಮ್ ಬೆಟ್ಟದ ಮೇಲೆ ನಿಂತು ಕೂಗಿ ಒಂದು ಕಥೆ ಹೇಳುತ್ತಾನೆ.

ಮರಗಳೆಲ್ಲ ಸೇರಿ ಅರಸನನ್ನು ಹುಡುಕಲು ಹೊರಟವು. ಎಣ್ಣೇಮರವನ್ನು ಕೇಳಿದವು. ನನ್ನ ಎಣ್ಣೆ ಬಿಟ್ಟು ನಿಮ್ಮ ಮೇಲೆ ತೂಗಾಡಲೋ ಎಂದಿತು ಅದು. ಅಂಜೂರ ತನ್ನ ಸಿಹಿಹಣ್ಣು ಬಿಡಲು ಒಪ್ಪಲಿಲ್ಲ, ದ್ರಾಕ್ಷಿ ತನ್ನ ರಸ ಬಿಡಲು ಒಪ್ಪಲಿಲ್ಲ. ಕಡೆಗೆ ಮುಳ್ಳುಕಂಟಿಯನ್ನು ಕೇಳಿದವು. ಅದು ತಕ್ಷಣ ಒಪ್ಪಿ, ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ, ಇಲ್ಲವಾದರೆ ನನ್ನೊಳಗಿನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನು ಸುಡಲಿ ಎಂದಿತು.

ನೆರಳೆಂದರೇನೆಂದು ಚಿಕ್ಕಮಗಳೂರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಫಿ ಗಿಡಕ್ಕೆ ಎಷ್ಟು ಬಿಸಿಲು ಬೀಳಬೇಕು, ಎಷ್ಟು ತಡೆಯಬೇಕು ಎಂದು ಅಳೆದು ಕೊಂಬೆ ಸವರಿ ಮರಗಸಿ ಮಾಡುವ ಸೀಮೆ ನಮ್ಮದು. ಒಳ್ಳೆಯ ನೆರಳು ಮರ ಎತ್ತರಕ್ಕೆ ಹೋಗಿ ಬಿಸಿಲನ್ನು ತಾನು ತಿನ್ನುತ್ತದೆ, ತರಗೆಲೆಯನ್ನು ಬುಡಕ್ಕೆ ಉದುರಿಸುತ್ತದೆ, ಹಣ್ಣು ಬಿಡುವುದು ಮಾತ್ರ ಕೆಳಗಿನ ಕಾಫಿ. ಮುಳ್ಳುಕಂಟಿಗೆ ನೆಲದಿಂದ ಮೊಳದೆತ್ತರ ಏಳಲಾಗುವುದಿಲ್ಲ, ಅದರ ನೆರಳಿಗೆ ಹೋಗಬೇಕಾದರೆ ದೇವದಾರು ಮಂಡಿಯೂರಿ ತೆವಳಬೇಕು. ಆಶ್ರಯದ ಮಾತಿನ ಹಿಂದೆಯೇ ಬೆಂಕಿಯ ಬೆದರಿಕೆಯೂ ಬಂತು. ಹಣ್ಣು ಕೊಡುವ ಮರಗಳು “ನನಗೆ ಪುರಸೊತ್ತಿಲ್ಲ” ಎಂದು ಹಿಂದೆ ಸರಿದದ್ದೂ ಕಥೆಯಲ್ಲಿದೆ. ನಮ್ಮ ಸಭೆಗಳ ಒಳ್ಳೆಯವರು ಅದನ್ನು ಓದಿಕೊಳ್ಳಬೇಕು.

ಅರಸ ಬೇಕೇ ಬೇಕೆಂದು ಜನ ಹಟ ಹಿಡಿದಾಗ ಸಮುವೇಲ ಎಚ್ಚರಿಸಿದ ಮಾತಿನಲ್ಲಿ ‘ತೆಗೆದುಕೊಳ್ಳುವನು’ ಎಂಬ ಕ್ರಿಯಾಪದ ಮತ್ತೆ ಮತ್ತೆ ಬರುತ್ತದೆ. ಗಂಡುಮಕ್ಕಳನ್ನು ತೆಗೆದುಕೊಳ್ಳುವನು, ಹೆಣ್ಣುಮಕ್ಕಳನ್ನು, ಹೊಲವನ್ನು, ದ್ರಾಕ್ಷಿತೋಟವನ್ನು, ಬೆಳೆಯ ಹತ್ತರಲ್ಲೊಂದು ಪಾಲನ್ನು. ಅದೇ ಸಮುವೇಲ ಅಧಿಕಾರದಿಂದ ಇಳಿಯುವಾಗ ಜನರೆದುರು ನಿಂತು, ನಾನು ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡೆ, ಹೇಳಿರಿ, ಹಿಂದಕ್ಕೆ ಕೊಡುತ್ತೇನೆ ಎಂದ. ಅಧಿಕಾರ ಬಿಡುವ ದಿನ ಹಾಗೆ ಕೇಳುವ ಧೈರ್ಯ ದೊಡ್ಡದು.

ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಅರಸನಿಗೆ ಮೊದಲೇ ಮಿತಿ ಹಾಕಿತ್ತು. ಕುದುರೆ, ಹೆಂಡತಿಯರು, ಬೆಳ್ಳಿಬಂಗಾರ ಹೆಚ್ಚಿಸಿಕೊಳ್ಳಬಾರದು, ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಇಟ್ಟುಕೊಂಡು ದಿನವೂ ಓದಬೇಕು, ಸಹೋದರರಿಗಿಂತ ತಾನು ಮೇಲೆಂದು ಹೃದಯ ಉಬ್ಬಬಾರದು. ಅರಸ ಸೊಲೊಮೋನ ಮೊದಲ ಮೂರು ಮಿತಿಗಳನ್ನೂ ದಾಟಿದ. ಅವನ ಮಗ ರೆಹಬ್ಬಾಮನ ಬಳಿ ಜನ ಬಂದು ನೊಗ ಹಗುರಮಾಡು ಎಂದು ಕೇಳಿಕೊಂಡರು. ನೀನು ಇಂದು ಈ ಜನರಿಗೆ ಸೇವಕನಾದರೆ ಅವರು ಎಂದೆಂದಿಗೂ ನಿನ್ನ ಸೇವಕರಾಗಿರುವರು ಎಂದು ಹಿರಿಯರು ಹೇಳಿಕೊಟ್ಟರು. ಅವನು ಜೊತೆಗಾರ ಯುವಕರ ಮಾತು ಹಿಡಿದು, ನನ್ನ ತಂದೆ ಚಬುಕಿನಿಂದ ಹೊಡೆದ, ನಾನು ಚೇಳಿನಂಥ ಕೊರಡೆಯಿಂದ ಹೊಡೆಯುತ್ತೇನೆ ಎಂದು ಉತ್ತರಿಸಿದ. ಒಂದೇ ಉತ್ತರಕ್ಕೆ ಹತ್ತು ಕುಲಗಳು ಕೈಬಿಟ್ಟುಹೋದವು, ರಾಜ್ಯ ಮತ್ತೆ ಒಂದಾಗಲಿಲ್ಲ.

ಗೋಡೆ ಕಟ್ಟಿದ 52 ದಿನ

ನೆಹೆಮೀಯ ಪರ್ಷಿಯದ ಅರಸ ಅರ್ತಷಸ್ತನ ಅರಮನೆಯಲ್ಲಿ ಪಾನಸೇವಕನಾಗಿದ್ದವನು. ಸುಖದ ಕೆಲಸ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿ ಕುಳಿತು ಅತ್ತ, ಉಪವಾಸವಿದ್ದ, ಅರಸನ ಅಪ್ಪಣೆ ಪಡೆದು ಹೊರಟ. ಊರು ಸೇರಿ ಮೂರು ದಿನ ಯಾರಿಗೂ ಏನೂ ಹೇಳಲಿಲ್ಲ. ರಾತ್ರಿ ಕೆಲವೇ ಜನರೊಂದಿಗೆ ಹೋಗಿ ಮುರಿದ ಗೋಡೆಯನ್ನು ಕಣ್ಣಾರೆ ನೋಡಿದ. ಅವನ ಸವಾರಿ ಪ್ರಾಣಿಗೆ ದಾಟಲು ಜಾಗವಿಲ್ಲದಷ್ಟು ಕಲ್ಲು ಬಿದ್ದಿತ್ತು. ನೋಡಿದ ಮೇಲೆಯೇ ಜನರನ್ನು ಕರೆದು ‘ಕಟ್ಟೋಣ’ ಎಂದ. ಕಟ್ಟಿರಿ ಎನ್ನಲಿಲ್ಲ.

ಈ ಪುಸ್ತಕದ 3ನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ, ಸಭೆಯಲ್ಲಿ ಯಾರೂ ಓದುವುದಿಲ್ಲ. ನನಗೆ ಪ್ರಿಯವಾದ ಅಧ್ಯಾಯ ಅದು. ಅಕ್ಕಸಾಲಿಗರು ಕಲ್ಲು ಹೊತ್ತರು, ಸುಗಂಧದ್ರವ್ಯ ಮಾಡುವವರು ಹೊತ್ತರು, ಶಲ್ಲೂಮ ಎಂಬ ಅಧಿಕಾರಿ ತನ್ನ ಹೆಣ್ಣುಮಕ್ಕಳೊಂದಿಗೆ ಬಂದ, ಅನೇಕರು ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನು ಕಟ್ಟಿದರು. ತೆಕೋವದ ಜನ ದುಡಿದರು, ಅವರ ಶ್ರೀಮಂತರು ಮಾತ್ರ ಕುತ್ತಿಗೆ ಬಗ್ಗಿಸಲಿಲ್ಲ ಎಂಬುದನ್ನೂ ಬರೆದಿಟ್ಟಿದ್ದಾರೆ. 52 ದಿನಗಳಲ್ಲಿ ಗೋಡೆ ಎದ್ದಿತು.

ನಡುವೆ 5ನೇ ಅಧ್ಯಾಯದಲ್ಲಿ ಬಡವರ ಕೂಗು ಕೇಳುತ್ತದೆ. ಹೊಲ ಒತ್ತೆ ಇಟ್ಟೆವು, ಮಕ್ಕಳನ್ನು ಜೀತಕ್ಕೆ ಕೊಟ್ಟೆವು, ಸಾಲ ಕೊಟ್ಟವರು ನಮ್ಮ ಸಹೋದರರೇ ಎಂದು ಅವರು ಅಳುತ್ತಾರೆ. ಕೆಲಸದ ಅವಸರವಿದ್ದರೂ ನೆಹೆಮೀಯ ಅದನ್ನು ಬದಿಗಿಡಲಿಲ್ಲ. ಗಣ್ಯರನ್ನು ಕೂಡಿಸಿ ಬಡ್ಡಿ ಬಿಡಿಸಿದ, ಹೊಲ ಹಿಂದಕ್ಕೆ ಕೊಡಿಸಿದ. ಅಧಿಪತಿಗೆ ಸಲ್ಲಬೇಕಾದ ಆಹಾರದ ಭತ್ಯೆಯನ್ನು ತಾನು 12 ವರ್ಷ ಮುಟ್ಟಲಿಲ್ಲ. ನಿಯಮದಂತೆ ಅವನಿಗೆ ಹಕ್ಕಿದ್ದ ಭತ್ಯೆ ಅದು, ಜನರ ಮೇಲಿನ ಭಾರ ನೋಡಿ ಬಿಟ್ಟ.

ತಪ್ಪಿದವರನ್ನು ಕೇಳಬಹುದೇ?

ನಮ್ಮ ಕಡೆ ಹೆಚ್ಚು ಗೊಂದಲವಿರುವುದು ಇಲ್ಲಿಯೇ. “ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ” ಎಂಬ ಅರ್ಥದ ವಚನವನ್ನು ಹೇಳಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದನ್ನು ನೋಡಿದ್ದೇನೆ. ಆ ಮಾತು 105ನೇ ಕೀರ್ತನೆಯಲ್ಲಿದೆ. ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬೇಡಿರೆಂದು ದೇವರು ಅರಸರನ್ನು ಗದರಿಸಿದ ಸಂದರ್ಭ ಅದು. ಬಲಹೀನರ ರಕ್ಷಣೆಗೆ ಬಂದ ಮಾತನ್ನು ಬಲಶಾಲಿಗಳ ರಕ್ಷಣೆಗೆ ತಿರುಗಿಸಲಾಗಿದೆ. ದಾವೀದ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನ ಮೇಲೆ ಕೈಮಾಡಲಿಲ್ಲ, ನಿಜ. ಆದರೆ ಗವಿಯಿಂದ ಹೊರಬಂದು, ಎಲ್ಲರಿಗೂ ಕೇಳುವಂತೆ, ನನ್ನನ್ನು ಯಾಕೆ ಬೇಟೆಯಾಡುತ್ತೀ ಎಂದು ಅವನನ್ನು ಕೇಳಿದ.

ಅದೇ ದಾವೀದ ಅರಸನಾದ ಮೇಲೆ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯಿಸಿದ. ಸಾವಿನ ಆಜ್ಞೆಯಿದ್ದ ಪತ್ರವನ್ನು ಊರೀಯನ ಕೈಯಲ್ಲೇ ಕಳುಹಿಸಿದ. ಆಗ ಪ್ರವಾದಿ ನಾತಾನ ಬಂದು ಒಂದು ಪ್ರಕರಣ ಹೇಳಿದ. ಒಬ್ಬ ಬಡವನಿಗೆ ಒಂದೇ ಕುರಿಮರಿ. ಅವನ ತಟ್ಟೆಯಲ್ಲಿ ತಿಂದು, ಮಡಿಲಲ್ಲಿ ಮಲಗಿ, ಮಗಳಂತಿತ್ತು. ಮನೆಗೆ ನೆಂಟ ಬಂದಾಗ ಐಶ್ವರ್ಯವಂತನೊಬ್ಬ ತನ್ನ ದೊಡ್ಡ ಮಂದೆಯನ್ನು ಮುಟ್ಟದೆ ಆ ಒಂದು ಮರಿಯನ್ನು ಕಿತ್ತುಕೊಂಡು ಅಡುಗೆ ಮಾಡಿಸಿದ. ಕುರಿ ಕಾಯ್ದು ಬೆಳೆದ ದಾವೀದನಿಗೆ ಸಿಟ್ಟು ನೆತ್ತಿಗೇರಿತು. ಅವನು ಸಾಯಲೇಬೇಕು ಎಂದ. ನಾತಾನ ಹೇಳಿದ: ಆ ಮನುಷ್ಯ ನೀನೇ.

ದಾವೀದ ನಾತಾನನನ್ನು ಕೊಲ್ಲಿಸಬಹುದಿತ್ತು. ಪಾಪ ಮಾಡಿದ್ದೇನೆ ಎಂದ. ಹೊಸ ಒಡಂಬಡಿಕೆಯಲ್ಲೂ ಇದೇ ರೂಢಿ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರೊಂದಿಗಿನ, ಎಂದರೆ ಯೆಹೂದ್ಯರಲ್ಲದವರೊಂದಿಗಿನ, ಊಟದಿಂದ ಹಿಂದೆ ಸರಿದಾಗ, ಸಭೆಗಳಿಗೆ ಪತ್ರಗಳನ್ನು ಬರೆದ ಪೌಲ ಎಲ್ಲರ ಮುಂದೆ ಮುಖಾಮುಖಿ ಆಕ್ಷೇಪಿಸಿದ ಎಂದು ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ಗಾಳಿಮಾತಿಗೆ ಬೇಲಿಯೂ ಇದೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲಿನ ದೂರನ್ನು ತೆಗೆದುಕೊಳ್ಳಬೇಡ, ಪಾಪ ನಿಜವಾದರೆ ಎಲ್ಲರ ಮುಂದೆ ಗದರಿಸು ಎಂದು ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ. ವಾಟ್ಸ್ಆ್ಯಪ್‌ನಲ್ಲಿ ಹೆಸರಿಲ್ಲದೆ ಹರಿದಾಡುವ ಆರೋಪಕ್ಕೆ ಮೊದಲ ಅರ್ಧ ತಡೆ, ದೂರನ್ನು ಕಾರ್ಪೆಟ್ ಕೆಳಗೆ ಗುಡಿಸುವವರಿಗೆ ಎರಡನೆಯ ಅರ್ಧ ತಡೆ.

ಹೆಂಗಸರ ಪಾಲು

ದೆಬೋರ ಇಸ್ರಾಯೇಲಿಗೆ ನ್ಯಾಯತೀರಿಸಿದವಳು, ಎಫ್ರಾಯೀಮ್ ಬೆಟ್ಟದ ಸೀಮೆಯ ಖರ್ಜೂರದ ಮರದ ಕೆಳಗೆ ಕುಳಿತುಕೊಳ್ಳುತ್ತಿದ್ದಳು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಪೌಲ ರೋಮಾಪುರದವರಿಗೆ ಶಿಫಾರಸು ಮಾಡುತ್ತಾನೆ. ಪೌಲನ ಪತ್ರಗಳಲ್ಲೇ ಸ್ತ್ರೀಯರು ಉಪದೇಶಿಸಬಾರದೆಂಬ ಮಾತೂ ಇದೆ. ಇವೆರಡನ್ನೂ ಹೇಗೆ ಕೂಡಿಸಿ ಓದಬೇಕೆಂಬುದರಲ್ಲಿ ಸಭೆಗಳಿಗೆ ಭಿನ್ನಾಭಿಪ್ರಾಯವಿದೆ. ಕಥೋಲಿಕ ಸಭೆ ಸ್ತ್ರೀಯರಿಗೆ ಗುರುದೀಕ್ಷೆ ಕೊಡುವುದಿಲ್ಲ. ಸಿಎಸ್‌ಐ 1976ರಿಂದ ಕೊಡುತ್ತಿದೆ, 2013ರಲ್ಲಿ ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ ಆದರು.

ಗುರುವೇ ಕಾಲು ತೊಳೆದಾಗ

ನಮ್ಮಲ್ಲಿ ಕಾಲು ತೊಳೆಯುವುದೆಂದರೆ ಕಿರಿಯರು ಹಿರಿಯರದು, ಶಿಷ್ಯ ಗುರುವಿನದು, ಅತ್ತೆಮಾವಂದಿರು ಅಳಿಯನದು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಇದು ತಲೆಕೆಳಗಾಗುತ್ತದೆ. ಸಾಯುವ ಹಿಂದಿನ ರಾತ್ರಿ, ಊಟದ ನಡುವೆ ಯೇಸು ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಟವಲು ಕಟ್ಟಿ, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಧೂಳುಗಾಲುಗಳನ್ನು ತೊಳೆದು ಒರೆಸಿದ. ಪೇತ್ರ ಬೇಡವೇ ಬೇಡವೆಂದ. ಆತನನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಇನ್ನೂ ಅಲ್ಲಿಯೇ ಕುಳಿತಿದ್ದ, ಅವನ ಕಾಲೂ ಆ ನೀರಿನಲ್ಲಿ ನೆನೆಯಿತು.

ಆಮೇಲಿನ ಮಾತನ್ನು ಬಿಟ್ಟುಬಿಡುವವರು ಹೆಚ್ಚು. ನೀವು ನನ್ನನ್ನು ಗುರುವೆಂದೂ ಕರ್ತನೆಂದೂ ಕರೆಯುತ್ತೀರಿ, ಸರಿಯೇ, ನಾನು ಹೌದು ಎಂದ. ಸ್ಥಾನವನ್ನು ಆತ ಬಿಟ್ಟುಕೊಡಲಿಲ್ಲ, ಸ್ಥಾನದಿಂದ ಏನು ಮಾಡಬೇಕೆಂದು ತೋರಿಸಿದ. ಶಿಷ್ಯರಾದ ಯಾಕೋಬ, ಯೋಹಾನರು ಬಲಗಡೆ ಎಡಗಡೆಯ ಆಸನ ಕೇಳಿದಾಗಲೂ ಇದನ್ನೇ ಹೇಳಿದ್ದ. ಜನಾಂಗಗಳ ಅಧಿಪತಿಗಳು ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ಮೊದಲಿಗನಾಗಬೇಕೆಂದಿರುವವನು ಎಲ್ಲರ ಆಳಾಗಿರಲಿ ಎಂದು. ಪವಿತ್ರ ಗುರುವಾರದಂದು ಕಥೋಲಿಕ ದೇವಾಲಯಗಳಲ್ಲಿ ಗುರುಗಳು ಭಕ್ತರ ಕಾಲು ತೊಳೆಯುವುದು ಈ ನೆನಪಿಗೆ. ಹಿಂದೆ ನಿಯಮದ ಪ್ರಕಾರ ಗಂಡಸರ ಕಾಲು ಮಾತ್ರ ತೊಳೆಯಬೇಕಿತ್ತು, 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ನಿಯಮವನ್ನು ಬದಲಿಸಿ ಹೆಂಗಸರನ್ನೂ ಸೇರಿಸಿದರು.

ಕೋಳಿಯ ಬೆಲೆ

ಮೊದಲ ಸಭೆಯ ಮೊದಲ ಆಡಳಿತದ ಜಗಳ ಊಟದ್ದು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ, ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತಾಡುವವರು ದೂರುತ್ತಾರೆ. ಅಪೊಸ್ತಲರು, ಎಂದರೆ ಯೇಸು ಆರಿಸಿದ ಮುಖ್ಯ ಶಿಷ್ಯರು, ದೂರಿದವರನ್ನು ಗದರಲಿಲ್ಲ. ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅನ್ಯಾಯವಾಯಿತೆಂದು ಕೂಗಿದವರ ಕಡೆಗೇ ಕೀಲಿಕೈ ಹೋಯಿತು ಎಂದು ನಾನು ಓದಿಕೊಳ್ಳುತ್ತೇನೆ.

ಪೌಲ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡ. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರಬೇಕು ಎಂದು ಕೊರಿಂಥದವರಿಗೆ ಎರಡನೆಯ ಪತ್ರದಲ್ಲಿ ಕಾರಣ ಕೊಟ್ಟ. “ದೇವರಿಗೆ ಗೊತ್ತು” ಎಂದು ಹೇಳಿ ರಸೀತಿ ಪುಸ್ತಕ ಮುಚ್ಚಿಡುವವರಿಗೆ ಪೌಲನ ಈ ಮಾತು ಸಾಕು.

ಸಕಲೇಶಪುರ ಕಡೆಯ ಒಂದು ಸಣ್ಣ ಸಭೆಯಲ್ಲಿ ಸುಗ್ಗಿಹಬ್ಬದ ಹರಾಜು ನಡೆದ ವರ್ಷ ನಾನು ಅಲ್ಲಿದ್ದೆ. ಜನ ಕಾಣಿಕೆಯಾಗಿ ತಂದ ಕಾಫಿ ಬೀಜದ ಮೂಟೆ, ಬಾಳೆಗೊನೆ, ಕುಂಬಳಕಾಯಿ, ಕಾಳುಮೆಣಸು, ಕೋಳಿ ಎಲ್ಲವೂ ಹರಾಜಾದವು. ಮುಂದಿನ ಭಾನುವಾರ ಖಜಾಂಚಿ ಒಟ್ಟು ಮೊತ್ತ ಓದಿ ಕುಳಿತುಕೊಳ್ಳುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದರು. ತೋಟದ ಕೂಲಿಕಾರರ ಲೈನ್ ಮನೆಯಲ್ಲಿರುವವರು, ಹಣ್ಣು ಬಿಡಿಸಿ ಬೆರಳ ತುದಿಯೆಲ್ಲ ಕಪ್ಪಾಗಿತ್ತು.

“ನನ್ನ ಕೋಳಿ ಎಷ್ಟಕ್ಕೆ ಹೋಯಿತಪ್ಪಾ?”

ಒಂದಿಬ್ಬರು ನಕ್ಕರು. ಖಜಾಂಚಿ ನಗಲಿಲ್ಲ. ಮತ್ತೆ ಎದ್ದು ನಿಂತು, ಪುಸ್ತಕದ ಎರಡು ಪುಟ ಹಿಂದಕ್ಕೆ ತಿರುಗಿಸಿ, ಬೆರಳಿಟ್ಟು ಸಾಲು ಹುಡುಕಿ, “ಅಜ್ಜಿ, ಕೆಂಪು ಹೇಂಟೆ, ಆರುನೂರ ಐವತ್ತು ರೂಪಾಯಿ” ಎಂದು ಎಲ್ಲರಿಗೂ ಕೇಳುವಂತೆ ಓದಿದರು. ಆ ಹಣ ಯಾವ ಕೆಲಸಕ್ಕೆ ಹೋಯಿತೆಂಬುದನ್ನೂ ಹೇಳಿದರು. ಅಜ್ಜಿ ಒಮ್ಮೆ ತಲೆಯಾಡಿಸಿ, ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಕುಳಿತರು. ಆಮೇಲೆ ಸಭೆ ಕೊನೆಯ ಹಾಡಿಗೆ ಎದ್ದು ನಿಂತಿತು.